ಥಾಯ್ಲೆಂಡ್‌ಗೆ ಹೊರಟವರು ಕೈಯಲ್ಲಿ ಏನು ಒಯ್ಯಬೇಕು: ಡಾಲರೋ, ಬಾತೋ, ರೂಪಾಯಿಯೋ?

ಪ್ರಶ್ನೆ: ಮುಂದಿನ ತಿಂಗಳು ನಾನು, ಹೆಂಡತಿ, ಇಬ್ಬರು ಮಕ್ಕಳು 8 ದಿನ ಬ್ಯಾಂಕಾಕ್ ಮತ್ತು ಫುಕೆಟ್‌ಗೆ ಹೋಗುತ್ತಿದ್ದೇವೆ. ಟಿಕೆಟ್, ಹೋಟೆಲ್ ಎಲ್ಲ ಬುಕ್ ಆಗಿದೆ. ಅಲ್ಲಿನ ಖರ್ಚಿಗೆ ಒಂದೂವರೆ ಲಕ್ಷ ರೂಪಾಯಿ ಇಟ್ಟುಕೊಂಡಿದ್ದೇನೆ. ಬೆಂಗಳೂರಿನ ಮನಿ ಚೇಂಜರ್ ‘ಝೀರೋ ಕಮಿಷನ್, ಬಾತ್ ಇಲ್ಲೇ ತಗೊಳ್ಳಿ’ ಎನ್ನುತ್ತಾರೆ. ಟ್ರಾವೆಲ್ ಏಜೆಂಟ್ ಫಾರೆಕ್ಸ್ ಕಾರ್ಡೇ (ವಿದೇಶಿ ಹಣ ಮೊದಲೇ ತುಂಬಿಸಿಕೊಂಡು ಒಯ್ಯುವ ಕಾರ್ಡ್) ಒಳ್ಳೆಯದು ಎನ್ನುತ್ತಾರೆ. ಹೋಗಿಬಂದ ಸ್ನೇಹಿತರು ‘ರೂಪಾಯಿ ನೋಟೇ ಒಯ್ಯಿ, ಅಲ್ಲಿ ಬದಲಾಯಿಸಿಕೊಡ್ತಾರೆ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ನಿಮ್ಮ ಪ್ರವಾಸಕ್ಕೆ ಹೊಂದುವ ದಾರಿ ಬೇರೆ. ಇಲ್ಲಿ ಅಮೆರಿಕನ್ ಡಾಲರ್ ನೋಟು ಕೊಂಡುಕೊಳ್ಳಿ, ಬ್ಯಾಂಕಾಕ್ ನಗರದೊಳಗೆ ಅದನ್ನು ಬಾತ್‌ಗೆ ಬದಲಾಯಿಸಿ, ಮಾಲ್ ಮತ್ತು ದೊಡ್ಡ ಬಿಲ್ಲುಗಳಿಗೆ ಕಾರ್ಡ್ ಬಳಸಿ. ಎರಡು ಸಲ ಬದಲಾಯಿಸಿದರೆ ಎರಡು ಸಲ ನಷ್ಟವಲ್ಲವೇ ಎಂದು ಕೇಳುತ್ತೀರಿ. ಲೆಕ್ಕ ಹಾಕಿದರೆ ಉಲ್ಟಾ ಬರುತ್ತದೆ.

ಮೊದಲು ಅಳತೆಗೋಲು. ಮೊಬೈಲ್‌ನಲ್ಲಿ ಹುಡುಕಿದಾಗ ಕಾಣುವ ದರ ಬ್ಯಾಂಕುಗಳು ತಮ್ಮತಮ್ಮಲ್ಲಿ ವ್ಯವಹರಿಸುವ ಸಗಟು ದರ. ಆ ದರಕ್ಕೆ ನಮಗೆ ನಿಮಗೆ ಯಾರೂ ಕೊಡುವುದಿಲ್ಲ. ಆದರೆ ಕೌಂಟರಿನವರು ಹೇಳಿದ ದರ ಅದಕ್ಕಿಂತ ಎಷ್ಟು ಮೇಲಿದೆ ಎಂಬುದೇ ನೀವು ನಿಜವಾಗಿ ಕೊಡುವ ಶುಲ್ಕ, ಅದಕ್ಕೆ ಕಮಿಷನ್ ಎಂಬ ಹೆಸರಿರಲಿ ಬಿಡಲಿ. ಡಾಲರ್, ಪೌಂಡ್, ಯೂರೋ, ಯೆನ್‌ಗಳಿಗೆ ಎಫ್‌ಬಿಐಎಲ್ (ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ) ಸಂಸ್ಥೆ ಪ್ರತಿ ಕೆಲಸದ ದಿನ ಮಧ್ಯಾಹ್ನ ಅಧಿಕೃತ ಉಲ್ಲೇಖ ದರ ಪ್ರಕಟಿಸುತ್ತದೆ. ಡಾಲರಿಗೆ ಅದನ್ನು ನೋಡಿದರೂ ಆಗುತ್ತದೆ.

ಈಗ ಲೆಕ್ಕ. ಸುಲಭವಾಗಲೆಂದು ಸಗಟು ದರ ಹೀಗಿದೆ ಎಂದುಕೊಳ್ಳೋಣ: 1 ಡಾಲರ್‌ಗೆ 90 ರೂಪಾಯಿ, 1 ಡಾಲರ್‌ಗೆ 32 ಬಾತ್. ಅಂದರೆ 1 ಬಾತ್‌ಗೆ 2 ರೂಪಾಯಿ 81 ಪೈಸೆ. ಒಂದು ಲಕ್ಷ ರೂಪಾಯಿಗೆ ಯಾರೂ ಒಂದು ಪೈಸೆ ಹಿಡಿಯದಿದ್ದರೆ 35,555 ಬಾತ್ ಬರಬೇಕು. ನೀವು ಹೊರಡುವ ದಿನ ಈ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ರೀತಿ ಮಾತ್ರ ಇದೇ.

ಬೆಂಗಳೂರಿನ ಕೌಂಟರಿನಲ್ಲಿ ಬಾತ್ ಕೇಳಿದರೆ 2.98ರ ಆಸುಪಾಸಿನ ದರ ಹೇಳುವುದು ಆಶ್ಚರ್ಯವಲ್ಲ. ಕಮಿಷನ್ ಸೊನ್ನೆ, ಕೈಗೆ ಬರುವುದು 33,557 ಬಾತ್. ಎರಡು ಸಾವಿರ ಬಾತ್, ಅಂದರೆ ಐದೂವರೆ ಸಾವಿರ ರೂಪಾಯಿಗೂ ಹೆಚ್ಚು, ಕೌಂಟರಿನಲ್ಲೇ ಉಳಿಯಿತು.

ಅದೇ ಒಂದು ಲಕ್ಷಕ್ಕೆ 91.20ರಂತೆ ಡಾಲರ್ ಕೊಂಡರೆ 1,096 ಡಾಲರ್ ಬರುತ್ತದೆ. ಬ್ಯಾಂಕಾಕ್ ನಗರದ ಒಳ್ಳೆಯ ಅಂಗಡಿಯಲ್ಲಿ ಡಾಲರಿಗೆ 31.85 ಸಿಕ್ಕಿದರೆ ಒಟ್ಟು 34,900 ಬಾತ್. ಎರಡು ಸಲ ಬದಲಾಯಿಸಿಯೂ 1,300 ಬಾತ್ ಹೆಚ್ಚು.

ಕಾರಣ ಸರಳ. ಡಾಲರ್ ನೋಟು ನಮ್ಮಲ್ಲಿ ದಿನವೂ ಓಡಾಡುವ ಸರಕು. ಹೊರಗಿನಿಂದ ಬಂದವರು ಮಾರುತ್ತಾರೆ, ಹೊರಟವರು ಕೊಳ್ಳುತ್ತಾರೆ, ಎರಡು ದರಗಳ ನಡುವಿನ ಅಂತರ ಕಡಿಮೆ. ಬಾತ್ ನೋಟು ಹಾಗಲ್ಲ. ಅದನ್ನು ತರಿಸಬೇಕು, ವಿಮೆ ಮಾಡಿಸಬೇಕು, ಗಿರಾಕಿ ಬರುವತನಕ ತಿಜೋರಿಯಲ್ಲಿ ಇಟ್ಟು ಕಾಯಬೇಕು. ಆ ಖರ್ಚೆಲ್ಲ ದರದೊಳಗೆ ಸೇರುತ್ತದೆ. ವಿಯೆಟ್ನಾಂ ಡಾಂಗ್, ಇಂಡೊನೇಷ್ಯಾ ರುಪಯಾಗಳಿಗೂ ಇದೇ ಮಾತು. ಸಿಂಗಪುರ ಡಾಲರ್, ಯೂರೋ, ಪೌಂಡ್, ದಿರ್ಹಮ್‌ಗಳಿಗೆ ಈ ಸುತ್ತು ಬೇಡ, ಅವನ್ನು ನೇರ ಇಲ್ಲೇ ಕೊಳ್ಳಬಹುದು. ದಿರ್ಹಮ್‌ನ ದರವಂತೂ 1997ರಿಂದ ಡಾಲರಿಗೆ 3.6725 ಎಂದು ಕಟ್ಟಿಹಾಕಿದ್ದು. ಡಾಲರ್ ದರವನ್ನು ಅದರಿಂದ ಭಾಗಿಸಿದರೆ ದುಬೈಗೆ ಹೊರಟವರಿಗೆ ಮೋಸ ಆಗುತ್ತಿದೆಯೇ ಇಲ್ಲವೇ ತಕ್ಷಣ ಗೊತ್ತಾಗುತ್ತದೆ.

ಡಾಲರ್ ಕೊಳ್ಳುವಾಗ

‘ದರ ಎಷ್ಟು?’ ಎಂದು ಕೇಳಬೇಡಿ. ‘ನನಗೆ 1,000 ಡಾಲರ್ ನೋಟು ಬೇಕು, ಎಲ್ಲ ಸೇರಿ ನನ್ನ ಖಾತೆಯಿಂದ ಎಷ್ಟು ಹೋಗುತ್ತದೆ?’ ಎಂದು ಕೇಳಿ. ದರ ಕಡಿಮೆ ಹೇಳಿ ಸರ್ವೀಸ್ ಚಾರ್ಜ್, ಡೆಲಿವರಿ ಚಾರ್ಜ್ ಎಂದು ಆಮೇಲೆ ಸೇರಿಸುವ ಆಟ ಈ ಒಂದು ಪ್ರಶ್ನೆಯಿಂದ ನಿಲ್ಲುತ್ತದೆ. ಬಂದ ಉತ್ತರವನ್ನು 1,000ದಿಂದ ಭಾಗಿಸಿ, ಆ ಗಳಿಗೆಯ ಸಗಟು ದರದ ಜೊತೆ ಹೋಲಿಸಿ. ಶೇ. 1ರಿಂದ 1.5ರಷ್ಟು ಮೇಲಿದ್ದರೆ ಒಳ್ಳೆಯ ದರ. ಶೇ. 2 ಆದರೂ ನಡೆಯುತ್ತದೆ. ಶೇ. 3 ದಾಟಿದರೆ ಪಕ್ಕದ ಅಂಗಡಿಗೆ ಹೋಗಿ. ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಸುತ್ತಮುತ್ತ ನಡೆದೇ ಮೂರು ನಾಲ್ಕು ಕಡೆ ಕೇಳಬಹುದು. ಉಳಿದ ಊರಿನವರು ಫೋನಿನಲ್ಲೇ ಕೇಳಿ, ದರವನ್ನು ಸಂದೇಶದಲ್ಲಿ ಬರೆಸಿಕೊಳ್ಳಿ. ಒಬ್ಬರ ದರ ತೋರಿಸಿ ಇನ್ನೊಬ್ಬರಲ್ಲಿ ಚೌಕಾಸಿ ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲು, ಸಂಕೋಚ ಬೇಡ. 1,000 ಡಾಲರ್‌ನಲ್ಲಿ 50 ಪೈಸೆ ಇಳಿದರೂ 500 ರೂಪಾಯಿ.

ನಿಮ್ಮ ಬ್ಯಾಂಕಿನಲ್ಲೇ ಕೇಳುವುದಾದರೆ ಅವರ ದರಪಟ್ಟಿಯಲ್ಲಿ ಒಂದೇ ಡಾಲರಿಗೆ ನಾಲ್ಕಾರು ಕಾಲಂ ಇರುತ್ತವೆ. ಟಿಟಿ ಎಂದಿರುವುದು ಖಾತೆಯಿಂದ ಖಾತೆಗೆ ಹಣ ಕಳಿಸುವ ದರ, ಮಗಳ ಕಾಲೇಜು ಫೀ ಕಟ್ಟುವವರಿಗೆ ಅದು. ನಿಮಗೆ ಬೇಕಾದ್ದು ಕರೆನ್ಸಿ ನೋಟು ಮಾರುವ ದರ ಅಥವಾ ಟ್ರಾವೆಲ್ ಕಾರ್ಡ್ (ಫಾರೆಕ್ಸ್ ಕಾರ್ಡ್) ಮಾರುವ ದರ. ನೋಟಿನ ದರವೇ ಹೆಚ್ಚು ತುಟ್ಟಿ. ಪಟ್ಟಿ ಬರೆದವರು ಬ್ಯಾಂಕಿನವರು, ಹಾಗಾಗಿ ‘ಸೆಲಿಂಗ್’ ಎಂದರೆ ಅವರು ಮಾರುವುದು, ನೀವು ಕೊಳ್ಳುವುದು.

ಶನಿವಾರ, ಭಾನುವಾರ, ರಜಾದಿನಗಳಲ್ಲಿ ಸಗಟು ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ದರ ಎಲ್ಲಿಗೆ ತೆರೆಯುತ್ತದೋ ಗೊತ್ತಿಲ್ಲದ ಕಾರಣ ಅಂಗಡಿಯವರು ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳುತ್ತಾರೆ. ವಾರದ ನಡುವೆ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಕೊಳ್ಳಿ. ಹೊರಡುವ ರಾತ್ರಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೊಳ್ಳುವುದು ಎಲ್ಲಕ್ಕಿಂತ ದುಬಾರಿ. ಅಲ್ಲಿ ಬಾಡಿಗೆ ಜಾಸ್ತಿ, ಗಿರಾಕಿಗೆ ಬೇರೆ ದಾರಿಯೂ ಇಲ್ಲ. ತೀರಾ ಬೇಕಾದರೆ ಅದೇ ಕಂಪನಿಯ ಜಾಲತಾಣದಲ್ಲಿ ಹಿಂದಿನ ದಿನ ಬುಕ್ ಮಾಡಿ ನಿಲ್ದಾಣದಲ್ಲಿ ಪಡೆಯುವ ಅನುಕೂಲ ಇದೆಯೇ ನೋಡಿ, ದರದಲ್ಲಿ ವ್ಯತ್ಯಾಸ ಕಾಣುತ್ತದೆ.

ರೂಪಾಯಿ ಚೇತರಿಸಿಕೊಳ್ಳಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಎರಡು ವಾರದಲ್ಲಿ ಡಾಲರ್ ಸಾಮಾನ್ಯವಾಗಿ ಶೇ. 1ರೊಳಗೆ ಆ ಕಡೆ ಈ ಕಡೆ ಆಡುತ್ತದೆ. ಕೌಂಟರಿನಿಂದ ಕೌಂಟರಿಗೆ ಇರುವ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇರುವುದುಂಟು.

ದಾಖಲೆ: ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ಜೊತೆಗೆ ಅಲ್ಲೇ ಸಹಿ ಮಾಡುವ ಎ2 ಫಾರ್ಮ್ (ವಿದೇಶಿ ಹಣ ಕೊಳ್ಳುವ ಅರ್ಜಿ). 50,000 ರೂಪಾಯಿವರೆಗೆ ಮಾತ್ರ ನಗದು ಕೊಟ್ಟು ಕೊಳ್ಳಬಹುದು, ಮೇಲಿನದ್ದು ಬ್ಯಾಂಕ್ ಮೂಲಕವೇ ಆಗಬೇಕು. ನೋಟಿನ ರೂಪದಲ್ಲಿ ಒಬ್ಬರಿಗೆ ಒಂದು ಪ್ರವಾಸಕ್ಕೆ 3,000 ಡಾಲರ್ ಮಿತಿ. ನಿಮಗೆ ಅಷ್ಟು ಬೇಕಾಗುವುದೂ ಇಲ್ಲ. ವರ್ಷಕ್ಕೆ ಒಬ್ಬರಿಗೆ 2.5 ಲಕ್ಷ ಡಾಲರ್ ಎಂಬ ಒಟ್ಟು ಮಿತಿಯ ಬಗ್ಗೆಯೂ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಟಿಸಿಎಸ್ (ವಿದೇಶಿ ಹಣ ಮಾರುವವರು ನಿಮ್ಮಿಂದ ಮುಂಗಡವಾಗಿ ಹಿಡಿದುಕೊಳ್ಳುವ ಆದಾಯ ತೆರಿಗೆ) ಬಗ್ಗೆ ಹೆದರಿಸುವವರಿದ್ದಾರೆ. 2025ರ ಏಪ್ರಿಲ್‌ನಿಂದ ಅದು ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಮಾತ್ರ. ಟೂರ್ ಪ್ಯಾಕೇಜ್ ಕೊಂಡವರಿಗೆ ಲೆಕ್ಕ ಬೇರೆ.

ಜಿಎಸ್‌ಟಿ ಮಾತ್ರ ತಪ್ಪುವುದಿಲ್ಲ, ಆದರೆ ಅದು ಸಣ್ಣದು. ಒಂದು ಲಕ್ಷದೊಳಗಿನ ವಿನಿಮಯಕ್ಕೆ ಮೊತ್ತದ ಶೇ. 1ನ್ನು ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇ. 18. ಅಂದರೆ 91,200 ರೂಪಾಯಿಯ ಡಾಲರ್ ಕೊಂಡರೆ 912ರ ಮೇಲೆ ಶೇ. 18, ಸುಮಾರು 164 ರೂಪಾಯಿ. ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ಸೇವೆಯ ಬೆಲೆ 1,000 ರೂಪಾಯಿ ಜೊತೆಗೆ ಒಂದು ಲಕ್ಷ ಮೀರಿದ ಮೊತ್ತದ ಶೇ. 0.5, ಅದರ ಮೇಲೆ ಅದೇ ಶೇ. 18. ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಇದಕ್ಕಿಂತ ದೊಡ್ಡದಾಗಿದ್ದರೆ ಅಲ್ಲೇ ವಿವರ ಕೇಳಿ.

ಬಿಲ್ ಕೊಡದೆ, ಪಾಸ್‌ಪೋರ್ಟ್ ಕೇಳದೆ ಹತ್ತಿಪ್ಪತ್ತು ಪೈಸೆ ಕಡಿಮೆಗೆ ಡಾಲರ್ ಕೊಡುವವರೂ ಸಿಗುತ್ತಾರೆ. ಅದು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯ ಉಲ್ಲಂಘನೆ, ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಖೋಟಾ ನೋಟು ಬಂದರೆ ಕೇಳಲು ಬಾಯಿಯೂ ಇರುವುದಿಲ್ಲ. ರಿಸರ್ವ್ ಬ್ಯಾಂಕ್ ಪರವಾನಗಿ ಗೋಡೆಯ ಮೇಲೆ ಕಾಣುವ ಅಂಗಡಿಗೇ ಹೋಗಿ, ಕ್ಯಾಶ್ ಮೆಮೊ (ರಸೀದಿ) ಜೋಪಾನ ಮಾಡಿ.

ನೋಟಿನ ಆಯ್ಕೆ

ಇದನ್ನು ಬಹಳ ಜನ ಇಲ್ಲಿ ನೋಡುವುದಿಲ್ಲ, ಅಲ್ಲಿ ಹೋಗಿ ಪೇಚಾಡುತ್ತಾರೆ. ಬ್ಯಾಂಕಾಕ್‌ನ ವಿನಿಮಯ ಅಂಗಡಿಗಳ ಬೋರ್ಡಿನಲ್ಲಿ ಡಾಲರಿಗೆ ಒಂದೇ ದರ ಇರುವುದಿಲ್ಲ. 100ರ ನೋಟಿಗೆ ಒಂದು, 50ಕ್ಕೆ ಇನ್ನೊಂದು, 20ರಿಂದ ಕೆಳಗಿನವಕ್ಕೆ ಮತ್ತೊಂದು, 1 ಡಾಲರಿಗೆ ತೀರಾ ಕಡಿಮೆ. ಸಣ್ಣ ನೋಟು ಎಣಿಸಿ, ಪರೀಕ್ಷಿಸಿ, ಸಾಗಿಸುವ ಕೆಲಸ ದೊಡ್ಡ ನೋಟಿನಷ್ಟೇ, ಮೌಲ್ಯ ಮಾತ್ರ ಚಿಕ್ಕದು. ಆದ್ದರಿಂದ 1,000 ಡಾಲರ್ ಕೊಂಡರೆ 100ರ ಒಂಬತ್ತು, 50ರ ಎರಡು ಕೇಳಿ. ‘ಚಿಲ್ಲರೆ ಇರಲಿ’ ಎಂದು 10, 20ರ ಕಟ್ಟು ಕೊಟ್ಟರೆ ಬೇಡ ಎನ್ನಿ. ಥಾಯ್ಲೆಂಡ್‌ನಲ್ಲಿ ಡಾಲರ್ ಕೊಟ್ಟು ಸಾಮಾನು ಕೊಳ್ಳುವ ಪದ್ಧತಿ ಇಲ್ಲ.

ಪ್ರತಿ ನೋಟನ್ನೂ ಬೆಳಕಿಗೆ ಹಿಡಿದು ನೋಡಿ. ಅಂಚು ಹರಿದದ್ದು, ಪೆನ್ನಿನಲ್ಲಿ ಗೀಚಿದ್ದು, ಸಣ್ಣ ಮೊಹರು ಬಿದ್ದದ್ದು, ಕಲೆಯಾದದ್ದನ್ನು ಅಲ್ಲಿ ತಿರಸ್ಕರಿಸುತ್ತಾರೆ ಇಲ್ಲವೇ ದರ ಇಳಿಸುತ್ತಾರೆ. ಚಿತ್ರದ ತಲೆ ಚಿಕ್ಕದಾಗಿರುವ ಹಳೆಯ ಮಾದರಿಯ 100ರ ನೋಟು ಅಮೆರಿಕದಲ್ಲಿ ಈಗಲೂ ಚಲಾವಣೆಯದ್ದೇ, ಏಷ್ಯಾದ ಕೌಂಟರಿನಲ್ಲಿ ಮಾತ್ರ ಓಡುವುದು ಕಷ್ಟ. ನೀಲಿ ಪಟ್ಟಿ ಇರುವ ಹೊಸ ಮಾದರಿಯನ್ನೇ ಕೇಳಿ ಪಡೆಯಿರಿ. ಮಡಚದೆ ಕವರಿನಲ್ಲಿಡಿ.

ಬ್ಯಾಂಕಾಕ್‌ನಲ್ಲಿ ಇಳಿದ ಮೇಲೆ

ಸುವರ್ಣಭೂಮಿ ನಿಲ್ದಾಣದಲ್ಲಿ ಬ್ಯಾಗು ತೆಗೆದುಕೊಂಡು ಹೊರಗೆ ಬರುತ್ತಲೇ ಬ್ಯಾಂಕುಗಳ ಕೌಂಟರ್ ಸಾಲಾಗಿ ಕಾಣುತ್ತವೆ. ಅಲ್ಲಿ ಡಾಲರಿಗೆ 32ರ ಬದಲು 30.60 ಕೊಟ್ಟರೆ, ಬೆಂಗಳೂರಿನಲ್ಲಿ ಬಾತ್ ಕೊಂಡಷ್ಟೇ ನಷ್ಟ. ಪಟ್ಟ ಶ್ರಮವೆಲ್ಲ ನೀರುಪಾಲು. ಲಿಫ್ಟ್ ಹಿಡಿದು ಬಿ ಅಂತಸ್ತಿಗೆ, ನಗರಕ್ಕೆ ಹೋಗುವ ಏರ್‌ಪೋರ್ಟ್ ರೈಲಿನ ನಿಲ್ದಾಣದ ಕಡೆಗೆ ಇಳಿಯಿರಿ. ಅಲ್ಲಿ ಸೂಪರ್‌ರಿಚ್ ಮೊದಲಾದ ಖಾಸಗಿ ವಿನಿಮಯ ಅಂಗಡಿಗಳಿವೆ. ದರ ನಗರದ ದರಕ್ಕೆ ಹತ್ತಿರ. ಅದೇ ಕಟ್ಟಡ, ಐದು ನಿಮಿಷದ ನಡಿಗೆ, ವ್ಯತ್ಯಾಸ ನೂರು ಡಾಲರಿಗೆ ನೂರಕ್ಕೂ ಮೇಲೆ ಬಾತ್. ತಡರಾತ್ರಿ ಇಳಿದು ಅಲ್ಲಿ ಬಾಗಿಲು ಹಾಕಿದ್ದರೆ ಮೇಲಿನ ಕೌಂಟರಿನಲ್ಲೇ ಒಂದು 100ರ ನೋಟು ಮಾತ್ರ ಬದಲಾಯಿಸಿ. ನಷ್ಟ 400 ರೂಪಾಯಿಯೊಳಗೆ ಮುಗಿಯುತ್ತದೆ, ಟ್ಯಾಕ್ಸಿಗೂ ಊಟಕ್ಕೂ ಸಾಕು.

ನಗರದಲ್ಲಿ ರಾಜದಾಮ್ರಿ ರಸ್ತೆಯ ಸುತ್ತ ಸೂಪರ್‌ರಿಚ್ ಹೆಸರಿನ ಹಸಿರು ಬೋರ್ಡು, ಕಿತ್ತಳೆ ಬೋರ್ಡು ಎರಡೂ ಇವೆ. ಇವು ಬೇರೆ ಬೇರೆ ಕಂಪನಿಗಳು, ದರ ಹೆಚ್ಚುಕಡಿಮೆ ಒಂದೇ. ಇಬ್ಬರ ದರವೂ ಅವರವರ ಜಾಲತಾಣದಲ್ಲಿ ಇರುತ್ತದೆ, ಬೆಂಗಳೂರಿನಲ್ಲೇ ಕೂತು ನೋಡಬಹುದು. ಮೂಲ ಪಾಸ್‌ಪೋರ್ಟ್ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ಫುಕೆಟ್‌ನಲ್ಲಿ ಬೀಚ್ ಪಕ್ಕದ ಗೂಡಂಗಡಿಗಳ ದರ ಇದಕ್ಕಿಂತ ಕಡಿಮೆ ಇರುವುದೇ ರೂಢಿ. ನೀವು ಮೊದಲು ಬ್ಯಾಂಕಾಕ್‌ಗೆ ಹೋಗುವುದಾದರೆ ಫುಕೆಟ್ ಖರ್ಚಿನ ಬಾತ್ ಕೂಡ ಅಲ್ಲೇ ಮಾಡಿಸಿಬಿಡಿ. ಕೌಂಟರ್ ಬಿಡುವ ಮೊದಲು ಎಣಿಸಿ.

ನಿಮ್ಮ ಸ್ನೇಹಿತರ ರೂಪಾಯಿ ಸಲಹೆ ಸುಳ್ಳಲ್ಲ. ಒಬ್ಬರು 25,000 ರೂಪಾಯಿವರೆಗೆ ಭಾರತದಿಂದ ಒಯ್ಯಬಹುದು, ಬ್ಯಾಂಕಾಕ್‌ನ ಅಂಗಡಿಗಳು ಕೊಳ್ಳುತ್ತವೆ ಕೂಡ. ಆದರೆ ಅವರು ರೂಪಾಯಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರವನ್ನು ಬೋರ್ಡಿನಲ್ಲಿ ಡಾಲರಿನ ಅಂತರದ ಪಕ್ಕದಲ್ಲಿಟ್ಟು ನೋಡಿ, ವಿಷಯ ತಿಳಿಯುತ್ತದೆ. ಇಲ್ಲಿ ಬಾತ್‌ಗೆ ಆದ ಗತಿಯೇ ಅಲ್ಲಿ ರೂಪಾಯಿಗೆ. ವಾಪಸ್ ಬಂದಾಗ ಮನೆ ಸೇರಲು ಬೇಕಾದ ಐದಾರು ಸಾವಿರ ಜೇಬಿನಲ್ಲಿರಲಿ, ಅಷ್ಟೇ.

ಕಾರ್ಡು

ನಿಮ್ಮ ಮಾಮೂಲಿ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ವ್ಯವಹಾರದ ಮಾರ್ಕಪ್ (ದರದ ಮೇಲೆ ಬ್ಯಾಂಕ್ ಸೇರಿಸುವ ಶುಲ್ಕ) ಸಾಧಾರಣವಾಗಿ ಶೇ. 3.5, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4.13. ಅರವತ್ತು ಸಾವಿರ ಖರ್ಚಿಗೆ 2,478 ರೂಪಾಯಿ. ಶೇ. 2ರ ಕಾರ್ಡುಗಳಿವೆ, ಮಾರ್ಕಪ್ಪೇ ಇಲ್ಲದವೂ ಇವೆ. ಅಂಥದ್ದೊಂದು ಕೈಯಲ್ಲಿದ್ದರೆ ಈ ಪ್ರವಾಸದ ಅತ್ಯಗ್ಗದ ದಾರಿ ಅದೇ, ಡಾಲರ್ ನೋಟನ್ನು ಕಡಿಮೆ ಕೊಳ್ಳಿ. ವೀಸಾ, ಮಾಸ್ಟರ್‌ಕಾರ್ಡ್ ಎರಡರ ಜಾಲತಾಣದಲ್ಲೂ ದರ ಲೆಕ್ಕ ಹಾಕುವ ಪುಟವಿದೆ. ಅಲ್ಲಿ ಬ್ಯಾಂಕ್ ಶುಲ್ಕದ ಜಾಗದಲ್ಲಿ 4.13 ತುಂಬಿದರೆ ಬಿಲ್ ಎಷ್ಟು ಬರುತ್ತದೆಂದು ಮೊದಲೇ ತಿಳಿಯಬಹುದು. ವಿದೇಶದಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚಿಗೆ ಟಿಸಿಎಸ್ ಇಲ್ಲ. ಅದರಿಂದ ನಗದು ಮಾತ್ರ ತೆಗೆಯಬೇಡಿ. ಆ ಗಳಿಗೆಯಿಂದಲೇ ಬಡ್ಡಿ, ಮೇಲೆ ನಗದು ಶುಲ್ಕ ಬೇರೆ.

2020ರ ನಂತರ ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆ ತಾನಾಗಿ ಚಾಲೂ ಇರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಎಂಬುದನ್ನು ಹೊರಡುವ ಮೊದಲೇ ಆನ್ ಮಾಡಿ, ಮಿತಿ ಹಾಕಿ. ಅಲ್ಲಿ ನಮ್ಮ ಸಿಮ್ ಕೆಲಸ ಮಾಡದೆ ಒಟಿಪಿ ಬರದಿದ್ದರೆ ಮಾಡಲು ಏನೂ ಇರುವುದಿಲ್ಲ.

ದೊಡ್ಡ ಬಲೆ ಇನ್ನೊಂದಿದೆ. ಕಾರ್ಡ್ ಉಜ್ಜಿದಾಗ ಯಂತ್ರದ ಪರದೆಯ ಮೇಲೆ ರೂಪಾಯಿ, ಬಾತ್ ಎರಡೂ ಮೊತ್ತ ಕಾಣಿಸಿ ಯಾವುದರಲ್ಲಿ ಕಟ್ಟುತ್ತೀರಿ ಎಂದು ಕೇಳುತ್ತದೆ. ರೂಪಾಯಿ ಕಂಡ ತಕ್ಷಣ ನಮ್ಮದೇ ಲೆಕ್ಕ ಎನಿಸಿ ಅದನ್ನೇ ಒತ್ತುತ್ತೇವೆ. ಹಾಗೆ ಒತ್ತಿದರೆ ದರ ನಿರ್ಧರಿಸುವುದು ನಿಮ್ಮ ಕಾರ್ಡ್ ಸಂಸ್ಥೆಯಲ್ಲ, ಆ ಅಂಗಡಿಯ ಬ್ಯಾಂಕು ಮತ್ತು ನಡುವಿನ ಕಂಪನಿ. ಅವರು ಸೇರಿಸುವ ಲಾಭ ಶೇ. 3ರಿಂದ 8ರವರೆಗೂ ಹೋಗುತ್ತದೆ. ಸಾಲದ್ದಕ್ಕೆ ವ್ಯಾಪಾರಿ ವಿದೇಶಿ ಎಂಬ ಕಾರಣಕ್ಕೆ ರೂಪಾಯಿ ವ್ಯವಹಾರಕ್ಕೂ ನಮ್ಮ ಹಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕ ಹಾಕುತ್ತವೆ. ಯಾವಾಗಲೂ ಬಾತ್ ಆರಿಸಿ. ಕೆಲವೆಡೆ ಕ್ಯಾಷಿಯರ್ ನಿಮ್ಮನ್ನು ಕೇಳದೆಯೇ ಒತ್ತಿಬಿಡುತ್ತಾರೆ. ಚೀಟಿಯಲ್ಲಿ ರೂಪಾಯಿ ಮೊತ್ತ ಕಂಡರೆ ಅಲ್ಲೇ ರದ್ದು ಮಾಡಿಸಿ ಬಾತ್‌ನಲ್ಲಿ ಮತ್ತೆ ಉಜ್ಜಲು ಹೇಳಿ. ಊರಿಗೆ ಬಂದು ದೂರು ಕೊಟ್ಟರೆ ಗೆಲ್ಲುವುದು ಕಷ್ಟ, ಚೀಟಿಯಲ್ಲಿ ನಿಮ್ಮ ಒಪ್ಪಿಗೆ ಎಂದೇ ಅಚ್ಚಾಗಿರುತ್ತದೆ. ವಿದೇಶಿ ಜಾಲತಾಣಗಳು ರೂಪಾಯಿಯಲ್ಲಿ ಬೆಲೆ ತೋರಿಸಿದಾಗಲೂ ಇದೇ ಎಚ್ಚರ ಇರಲಿ.

ಎಟಿಎಂನಲ್ಲೂ ಅದೇ ಪ್ರಶ್ನೆ ಬರುತ್ತದೆ. ‘ವಿತೌಟ್ ಕನ್ವರ್ಷನ್’ ಒತ್ತಿ. ಥಾಯ್ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತವೆ. 3,000 ಬಾತ್ ತೆಗೆದರೆ ಅದೇ ಶೇ. 7ಕ್ಕೂ ಹೆಚ್ಚು, 20,000 ತೆಗೆದರೆ ಶೇ. 1 ಚಿಲ್ಲರೆ. ನಮ್ಮ ಬ್ಯಾಂಕಿನ ಶುಲ್ಕ, ಮಾರ್ಕಪ್ ಇನ್ನೂ ಮೇಲೆ. ಹಾಗಾಗಿ ಎಟಿಎಂ ಆಪತ್ಕಾಲಕ್ಕೆ ಮಾತ್ರ, ತೆಗೆದರೆ ಒಂದೇ ಸಲ ದೊಡ್ಡ ಮೊತ್ತ.

ಫಾರೆಕ್ಸ್ ಕಾರ್ಡಿನ ವಿಷಯದಲ್ಲಿ ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಥಾಯ್ ಬಾತ್ ತುಂಬಬಹುದೇ? ತುಂಬಬಹುದಾದರೆ ಬಾತ್ ತುಂಬುವ ದರ ಕೇಳಿ, ಮೇಲಿನ 34,900 ಬಾತ್‌ನ ಲೆಕ್ಕದೊಂದಿಗೆ ಹೋಲಿಸಿ, ಚೆನ್ನಾಗಿದ್ದರೆ ಧಾರಾಳವಾಗಿ ತಗೊಳ್ಳಿ. ಡಾಲರ್ ಮಾತ್ರ ತುಂಬುವ ಕಾರ್ಡನ್ನು ಬಾತ್ ಊರಿನಲ್ಲಿ ಉಜ್ಜಿದರೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತದೆ. ಶೇ. 3.5 ಸಾಮಾನ್ಯ, ಅಲ್ಲಿಗೆ ಕ್ರೆಡಿಟ್ ಕಾರ್ಡಿಗಿಂತ ಲಾಭವೇನೂ ಉಳಿಯಲಿಲ್ಲ. ಇಂತಹ ಕಾರ್ಡನ್ನು ಹೋಟೆಲ್ ಡಿಪಾಸಿಟ್‌ಗೆ ಕೊಡಬೇಡಿ, ತಡೆಹಿಡಿದ ಮೊತ್ತ ಬಿಡುಗಡೆಯಾಗಲು ವಾರಗಳೇ ಹಿಡಿಯಬಹುದು, ಅಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ.

ಯುಪಿಐ ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್, ನೇಪಾಳ, ಭೂತಾನ್, ಫ್ರಾನ್ಸ್‌ನ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ. ಬ್ಯಾಂಕಾಕ್‌ನ ಅಂಗಡಿಗಳಲ್ಲಿ ಕಾಣುವ ಕ್ಯೂಆರ್ ಅಲ್ಲಿನದೇ ಪ್ರಾಂಪ್ಟ್‌ಪೇ ವ್ಯವಸ್ಥೆಯದು. ನಿಮ್ಮ ಖರ್ಚನ್ನು ಯುಪಿಐ ಮೇಲೆ ನಿಲ್ಲಿಸಬೇಡಿ.

ನಿಮ್ಮ ಒಂದೂವರೆ ಲಕ್ಷವನ್ನು ಹೀಗೆ ಹಂಚಬಹುದು: 1,000 ಡಾಲರ್ ನೋಟು, ಉಳಿದದ್ದು ಕಾರ್ಡಿನಲ್ಲಿ. ನೋಟಿಗೆ ಇಷ್ಟು ಪಾಲು ಏಕೆಂದರೆ ಟುಕ್‌ಟುಕ್, ಬೀದಿ ಊಟ, ದೋಣಿ, ರಾತ್ರಿ ಸಂತೆ ಎಲ್ಲ ನಗದು. ಸಣ್ಣ ಅಂಗಡಿಗಳು 300, 500 ಬಾತ್‌ಗಿಂತ ಕಡಿಮೆ ಬಿಲ್ಲಿಗೆ ಕಾರ್ಡ್ ಒಪ್ಪುವುದಿಲ್ಲ, ಕೆಲವರು ಕಾರ್ಡಿಗೆ ಶೇ. 3 ಹೆಚ್ಚು ಕೇಳುತ್ತಾರೆ. ಅಂಥಲ್ಲೆಲ್ಲ ಬಾತ್ ನೋಟೇ ಅಗ್ಗ. ಆದರೆ 1,000 ಡಾಲರನ್ನೂ ಮೊದಲ ದಿನವೇ ಬದಲಾಯಿಸಬೇಡಿ. ಬ್ಯಾಂಕಾಕ್‌ನಲ್ಲಿ ಎರಡು ಕಂತು ಮಾಡಿ, ಎರಡನೆಯದು ಫುಕೆಟ್‌ಗೆ ಹೊರಡುವ ಮುನ್ನ, ಅಷ್ಟರಲ್ಲಿ ದಿನದ ಖರ್ಚಿನ ಅಂದಾಜು ಸಿಕ್ಕಿರುತ್ತದೆ.

ಉಳಿದ ಬಾತ್ ಅನ್ನು ಬೆಂಗಳೂರಿಗೆ ತಂದು ಮಾರಿದರೆ ಮತ್ತೆ ಅದೇ ಶೇ. 5, 6 ಹೋಗುತ್ತದೆ. ನಾಣ್ಯವನ್ನಂತೂ ಯಾರೂ ಕೊಳ್ಳುವುದಿಲ್ಲ. ಕೊನೆಯ ದಿನ ಹೋಟೆಲಿನ ಬಿಲ್ಲಿಗೆ ಕೈಯಲ್ಲಿರುವ ಬಾತ್ ಕೊಟ್ಟು ಬಾಕಿಯನ್ನಷ್ಟೇ ಕಾರ್ಡಿನಲ್ಲಿ ಕಟ್ಟಿ. ಬದಲಾಯಿಸದೆ ಉಳಿದ ಡಾಲರ್ ನೋಟನ್ನು ತಕ್ಷಣ ಮಾರುವ ಅಗತ್ಯವಿಲ್ಲ, 2,000 ಡಾಲರ್‌ವರೆಗೆ ಮುಂದಿನ ಪ್ರವಾಸಕ್ಕೆ ಮನೆಯಲ್ಲಿಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. ಅದಕ್ಕಿಂತ ಹೆಚ್ಚಿನದನ್ನು ವಾಪಸ್ ಬಂದ 180 ದಿನದೊಳಗೆ ಮಾರಬೇಕು. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನು ಮಾತ್ರ ಬೇಗ ಖಾತೆಗೆ ಮರಳಿಸಿಕೊಳ್ಳಿ, ಬಳಸದೆ ಬಿಟ್ಟ ಕಾರ್ಡಿನ ಮೇಲೆ ಶುಲ್ಕ ಹಾಕುವ ಬ್ಯಾಂಕುಗಳಿವೆ.